ಜರಡಿ

ಬೆಳಿಗ್ಗೆ ಎಂಟೂವರೆಗೆ ನನ್ನ ಮೊದಲ ಕೆಲಸ
ಒಲೆ ಹಚ್ಚುವುದಲ್ಲ, ಮರಳು ಜರಡಿ ಹಿಡಿಯುವುದು.
ಹೊಸಮನೆ ಮೂರನೇ ಅಡ್ಡರಸ್ತೆಯ ಅಂಗನವಾಡಿ.
ಹಿತ್ತಲಲ್ಲಿ ನಾಲ್ಕು ಬಸಳೆ ಬಳ್ಳಿ, ಒಂದು ನುಗ್ಗೆ,
ಚರಂಡಿ ಕಟ್ಟಿದವರು ಉಳಿಸಿಹೋದ ತುಂಗೆಯ ಮರಳು.
ಇಪ್ಪತ್ತಮೂರು ಮಕ್ಕಳಿಗೆ ಅದೇ
ಬೆಟ್ಟ, ಹೊಳೆ, ದೋಸೆಹಂಚು, ಬಸ್ ಸ್ಟ್ಯಾಂಡು.

ರಾತ್ರಿ ಬೆಕ್ಕುಗಳಿಗೆ ಬಚ್ಚಲು.

ಜ್ಯೂಸ್ ಅಂಗಡಿಯ ಮೂಸಂಬಿ ಸಿಪ್ಪೆ ಹರವಿದೆ.
ಮೂರು ದಿನ ಬೆಕ್ಕು ಬರಲಿಲ್ಲ, ಇರುವೆ ಬಂದವು.
ಹೋಟೆಲಿನಿಂದ ಕಾಫಿ ಚರಟ ಕೇಳಿ ತಂದೆ.
ಮಕ್ಕಳು ಅದಕ್ಕೆ ನೀರು ಬೆರೆಸಿ, ಸೋಸಿ,
ನನಗೇ ಕೊಟ್ಟರು: "ಕುಡೀರಿ ಆಯಾ, ಸಕ್ಕರೆ ಹಾಕಿದೀವಿ."
ನೀಲಿ ನೀರಿನ ಬಾಟಲಿ ಸಾಲಾಗಿ ನಿಲ್ಲಿಸಿದೆ.
ಕರಿ ಗಂಡುಬೆಕ್ಕು ಅದಕ್ಕೆ ಬೆನ್ನು ತಿಕ್ಕಿಕೊಂಡು ಹೋಯಿತು.

ನುಸಿಗುಳಿಗೆ ಇಡಿ ಅಂದರು ಎದುರುಮನೆಯವರು.
ಇಟ್ಟು, ಮನೆಗೆ ಹೋಗಿ, ಅನ್ನ ಬಡಿಸಿಕೊಂಡವಳ
ಕಣ್ಣಿಗೆ ಕಟ್ಟಿತು ಬಿಳೀ ಪೆಪ್ಪರಮಿಂಟು.
ಟಾರ್ಚು ಹಿಡಿದು ಓಡಿಬಂದೆ.
ಇಟ್ಟದ್ದು ಹನ್ನೆರಡು, ಸಿಕ್ಕಿದ್ದು ಹನ್ನೊಂದು.
ಇನ್ನೊಂದು ನನ್ನ ಸೆರಗಿನ ಗಂಟಲ್ಲೇ ಉಳಿದಿತ್ತು
ಎಂದು ಗೊತ್ತಾಗುವ ಹೊತ್ತಿಗೆ
ಕೋಳಿ ಕೂಗಿ ಮುಗಿದಿತ್ತು.

ಆಮೇಲೆ ಫ್ಲೆಕ್ಸು. ವಾರ್ಡಿನಲ್ಲಿ ಸೋತ ಅಭ್ಯರ್ಥಿಯದು,
ಹತ್ತಡಿ ಉದ್ದ, ಕೈಮುಗಿದ ನಗು.
ಸಂಜೆ ಅವರನ್ನು ಮರಳ ಮೇಲೆ ಅಂಗಾತ ಮಲಗಿಸಿ
ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ.
ಬೆಳಿಗ್ಗೆ ಹಣೆಯ ಮೇಲೆ ಹೆಜ್ಜೆಗುರುತು,
ಕಿವಿಯ ಹತ್ತಿರ ಉಗುರು ಸೀಳಿದ ತೂತು,
ತೂತಿನೊಳಗೆ ಅಚ್ಚುಕಟ್ಟಾಗಿ ಮುಚ್ಚಿದ ಗುಂಡಿ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ.
ಬೆಕ್ಕು ತೋಡುತ್ತದೆ, ಕೂರುತ್ತದೆ, ಮೂಸಿ ಮುಚ್ಚುತ್ತದೆ,
ಸಾಲದೆ ಇನ್ನೊಮ್ಮೆ ಮೂಸುತ್ತದೆ.
ನಮ್ಮ ಕಾಂಪೌಂಡಿಗೆ ಮುಖಮಾಡಿ ನಿಂತು ಹೋಗುವ ಗಂಡಸರು
ಹಿಂತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.
ಆದರೂ ಮಗುವಿನ ಬೆರಳು ಬಾಯಲ್ಲೇ ಇರುತ್ತದಲ್ಲ.
ಹುಳ, ಭೇದಿ, ಜ್ವರ ಎಂದು
ಕುಸುಮಾಕ್ಷಿ ಟೀಚರ್ ಎಣಿಸಿ ಹೇಳುತ್ತಾರೆ,
ನಾನು ಜರಡಿ ಅಲ್ಲಾಡಿಸುತ್ತೇನೆ.

ಒಂದು ಗುರುವಾರ ಜರಡಿಯಲ್ಲಿ ಹಳದಿ ಕಂಡಿತು.
ಕಲ್ಲಲ್ಲ, ಎಲೆಯಲ್ಲ. ಉಜ್ಜಿದರೆ ಪುಡಿ.
ನಿನ್ನೆಯ ಮೊಟ್ಟೆಗಳ ಹಳದಿ,
ಮೂಲೆಗೊಂದು ಹೂತು, ಅಂಗೈಯಲ್ಲಿ ತಟ್ಟಿ,
ಮೇಲೊಂದು ನುಗ್ಗೆಹೂವು.

ಹಾಗಾದರೆ ಬೆಕ್ಕುಗಳು ತಾವಾಗಿ ಬಂದದ್ದಲ್ಲ.
ಕರೆದಿದ್ದಾರೆ.

"ಯಾರು ಇದು?"
ಎಲ್ಲರೂ ಅಲ್ಫಿಯಾಳನ್ನು ನೋಡಿದರು,
ಅಲ್ಫಿಯಾ ನುಗ್ಗೆಮರವನ್ನು.
"ಬೂದಿ ಬೆಕ್ಕು ಬಸುರಿ ಆಯಾ.
ನಮ್ಮಮ್ಮಿ ಬಸುರಿ ಇದ್ದಾಗ ಇಲ್ಲೇ ಊಟ ಹಾಕಿದ್ರಲ್ಲ,
ಅದರ ಹೆಸರು ಯಾಕೆ ಬರ್ಕೊಂಡಿಲ್ಲ?"

ಟೀಚರಿಗೆ ಹೇಳಲಿಲ್ಲ.
ಪುಸ್ತಕದಲ್ಲಿ ಮೊಟ್ಟೆ ಇಪ್ಪತ್ತಮೂರು,
ತಿಂದವರು ಇಪ್ಪತ್ತಮೂರು. ಲೆಕ್ಕ ಸರಿಯಿದೆ.

ಹಿತ್ತಲ ಕೊನೆಯಲ್ಲಿ ಒಡೆದ ಸಿಮೆಂಟು ತೊಟ್ಟಿ.
ಅದಕ್ಕೆ ಆರು ಬುಟ್ಟಿ ಮರಳು ಹೊತ್ತುಹಾಕಿದೆ,
ಒಣಗಿದ್ದು, ಮಕ್ಕಳದ್ದಕ್ಕಿಂತ ನಯವಾಗಿ ಸೋಸಿದ್ದು.
ಇತ್ತ ಮಕ್ಕಳ ಗುಡ್ಡೆಗೆ ಅಭ್ಯರ್ಥಿಯನ್ನು
ಎರಡು ಮಡಿಕೆ ಮಾಡಿ ಹೊದಿಸಿದೆ, ಈಗ ಎಂಟು ಇಟ್ಟಿಗೆ.
ಬೂದಿ ಬೆಕ್ಕು ಎರಡು ದಿನ ತೊಟ್ಟಿ ಮೂಸಿ ಹೋಯಿತು,
ಮೂರನೇ ದಿನ ಒಳಗಿಳಿಯಿತು.
ಕರಿಯನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.
ಅವನಿಗೆ ಬಸಳೆಯ ಬುಡವೇ ಆಗಬೇಕು.

ಇವತ್ತೂ ಜರಡಿ ಹಿಡಿದೆ.
ಒಂದು ಅಂಗಿಗುಂಡಿ, ಬಳೆಚೂರು, ಅರ್ಧ ಬಳಪ.
ಬುಧವಾರ. ಮೊಟ್ಟೆ ಬೇಯುತ್ತಿತ್ತು.
ಅಲ್ಫಿಯಾಳ ಉಗುರುಸಂದಿಗೆ ಸೋಪು ಹಚ್ಚಿ ತೊಳೆಯುತ್ತ ಹೇಳಿದೆ:
"ಹಳದಿ ನೀನು ತಿನ್ನು. ಬೆಕ್ಕಿಗೆ ನನ್ನ ಮೊಟ್ಟೆ ಇದೆ."

ಅವಳು ಒದ್ದೆ ಕೈ ನನ್ನ ಸೀರೆಗೇ ಒರೆಸಿ ಕೇಳಿದಳು:
"ನಿಮಗೆಲ್ಲಿ ಕೊಡ್ತಾರೆ ಮೊಟ್ಟೆ?"