ಪ್ರಶ್ನೆ ಮೂರು, ಹತ್ತು ಅಂಕ

ಶಿಡ್ಲಘಟ್ಟ ಅಂತ ಬರೆಯಲಿಲ್ಲ, ‘ಒಂದು ಸಣ್ಣ ಪಟ್ಟಣ’ ಅಂದೆ.
ಇನಾಯತ್ ಸಾಬರನ್ನು ‘ಶ್ರೀ ಕ’ ಮಾಡಿದೆ.
ಬಿಸಿನೀರಲ್ಲಿ ಬೆರಳದ್ದಿ ಎಳೆ ಹುಡುಕುವ ಎಂಟು ಹೆಂಗಸರು
‘ಕಾರ್ಮಿಕರು: 8’ ಆದರು.
ಪ್ರಕರಣ ಅಧ್ಯಯನ ಅಂದಮೇಲೆ
ಬೆವರೊರೆಸಿ, ತಲೆಬಾಚಿ, ಇಸ್ತ್ರಿ ಅಂಗಿ ತೊಡಿಸಿಯೇ
ಯಾರನ್ನಾದರೂ ತರಗತಿಗೆ ಕರೆತರಬೇಕು.

‘ಶ್ರೀ ಕ ಮೂವತ್ತು ವರ್ಷದಿಂದ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾರೆ.
ಒಂದು ಕಿಲೋ ನೂಲಿಗೆ ಎಂಟು ಕಿಲೋ ಗೂಡು.
ಹೊರಗಿನ ನೂಲು ಬಂತು, ದರ ಬಿತ್ತು.
ಬ್ಯಾಂಕು ಸಾಲ ಮುಂದಿಟ್ಟರೂ ಯಂತ್ರ ಕೊಳ್ಳಲಿಲ್ಲ.
ಗೋಡೆಯ ಗಡಿಯಾರವೂ ನಾಲ್ಕೂ ಇಪ್ಪತ್ತಕ್ಕೆ ನಿಂತಿದೆ.
ಶ್ರೀ ಕ ಅವರಿಗೆ ದೂರದೃಷ್ಟಿ ಇಲ್ಲ. ವಿಶ್ಲೇಷಿಸಿ.’

ಗಡಿಯಾರ ಬೇಕಿರಲಿಲ್ಲ.
ಒಗ್ಗರಣೆಗೆ ಅಂತ ಹಾಕಿದ್ದೆ.

ಅರವತ್ತೆರಡು ಉತ್ತರಪತ್ರಿಕೆ.
ಹೆಚ್ಚಿನವರು ಚೌಕಾಬಾರದ ಹಾಗೆ ನಾಲ್ಕು ಮನೆ ಬರೆದು
ಬಲ, ದೌರ್ಬಲ್ಯ, ಅವಕಾಶ, ಅಪಾಯ
ಕವಡೆ ಉರುಳಿಸಿದ್ದರು.
ಒಬ್ಬ ಸಿನಿಮಾ ನಟಿಯಿಂದ ಜಾಹೀರಾತು ಮಾಡಿಸಿದ್ದ.
ಇನ್ನೊಬ್ಬ ಎರಡೇ ಸಾಲಲ್ಲಿ ಘಟಕ ಮುಚ್ಚಿ
ಅಲ್ಲಿ ಬಾಡಿಗೆಗೆ ಮಳಿಗೆ ಕಟ್ಟಿಸಿದ್ದ.
ಅವನಿಗೆ ಆರು ಕೊಟ್ಟೆ. ಲೆಕ್ಕ ಸರಿಯಿತ್ತು.

ಆಮೇಲೆ ಶಗುಫ್ತಾ, ಹಿಂದಿನ ಬೆಂಚು, ನೀಲಿ ಶಾಯಿ:

‘ಸರ್, ಗಡಿಯಾರ ಈಗ ನಡೀತಿದೆ.
ರಂಜಾನಿಗೆ ಸೆಲ್ ಹಾಕಿಸಿದೆವು.

ದೂರದೃಷ್ಟಿ ಇಲ್ಲ ಅಂದಿದ್ದೀರಿ. ನಿಜ.
ಮೂವತ್ತು ವರ್ಷದ ಹಬೆ, ಎರಡೂ ಕಣ್ಣಿಗೆ ಪೊರೆ.
ಬಸ್ಸಿನ ಬೋರ್ಡು ನಾವೇ ಓದಿ ಹೇಳಬೇಕು.
ಗೂಡಿನ ಮಾರುಕಟ್ಟೆಯಲ್ಲಿ ಮಾತ್ರ
ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳ ಹೇಗಿದೆ ಅಂತ ಹೇಳಿಬಿಡುತ್ತಾರೆ.

ಎಂಟು ಕಿಲೋ ಅಲ್ಲ, ಏಳೂಕಾಲು.
ಹುಳದ ಲೆಕ್ಕ ಬಿಟ್ಟುಹೋಗಿದೆ.
ನೂಲು ಬಿಚ್ಚಿದ ಮೇಲೆ ಉಳಿಯುವುದನ್ನು
ಎಣ್ಣೆಯವರು ತೂಕ ಹಾಕಿ ಒಯ್ಯುತ್ತಾರೆ.
ಶನಿವಾರದ ಬಟವಾಡೆ ಅದರಲ್ಲೇ ಅರ್ಧ ಸಾಗುತ್ತದೆ.
ನೀವು ಬರೆದಷ್ಟು ನಷ್ಟ ನಮಗಿಲ್ಲ.

ಯಂತ್ರಕ್ಕೆ ಬಿಳಿ ಗೂಡು ಬೇಕು, ಒಂದೇ ಅಳತೆಯದು.
ನಮಗೆ ಸಿಗುವುದು ಹಳದಿ, ಮಿಶ್ರತಳಿ.
ಬ್ಯಾಂಕಿನವರು ಇದನ್ನು ಕೇಳಲಿಲ್ಲ. ನೀವೂ.

ಅಪ್ಪ ತಪ್ಪು ಮಾಡಿಲ್ಲ ಅಂತಲ್ಲ.
ದರ ಏರುತ್ತೆ ಅಂತ ಒಮ್ಮೆ ಏಳು ತಿಂಗಳು
ನೂಲು ಮಾರದೆ ಬೀರುವಿನಲ್ಲಿಟ್ಟರು.
ಅಮ್ಮ ಬೇಡ ಅಂದಿದ್ದರು.
ನಿಮ್ಮ ಪ್ರಶ್ನೆಯಲ್ಲಿ ಆ ತಪ್ಪೂ ಇಲ್ಲ, ಅಮ್ಮನೂ ಇಲ್ಲ.’

ಅವತ್ತು ಹೋದಾಗ ಚಹಾ ಕೊಟ್ಟಿದ್ದರು, ಏಲಕ್ಕಿ ಜಜ್ಜಿದ್ದು.
ಪರದೆಯ ಸಂದಿಯಿಂದ ತಟ್ಟೆ ಹಿಡಿದ ಕೈ,
ಬಳೆ ಎರಡು.
ನನ್ನ ಪ್ರಶ್ನಾವಳಿಯಲ್ಲಿ ಇಪ್ಪತ್ತಾರು ಪ್ರಶ್ನೆ,
ಒಂದೂ ಆ ಕಡೆ ಮುಖ ಮಾಡಿರಲಿಲ್ಲ.

ಅಂಕದ ಪಟ್ಟಿ ನಾನೇ ಮಾಡಿದ್ದು:
ಸಮಸ್ಯೆ ಗುರುತಿಸಿದರೆ ಎರಡು, ವಿಶ್ಲೇಷಣೆಗೆ ಐದು,
ಪರಿಹಾರಕ್ಕೆ ಮೂರು.
ಅವಳು ಪರಿಹಾರ ಬರೆದಿಲ್ಲ.
ಸಮಸ್ಯೆ ಗುರುತಿಸಿದ್ದಾಳೆ, ಅದು ಪ್ರಶ್ನೆಯದ್ದು.
ಏಳು ಬರೆದೆ. ಹೊಡೆದುಹಾಕಿದೆ.
ಒಂಬತ್ತು ಬರೆದರೆ ಲಂಚದ ಹಾಗೆ ಕಂಡಿತು.
ಕಟ್ಟು ಚೀಲಕ್ಕೆ ಹಾಕಿ
ಐದೂವರೆಯ ಚಿಂತಾಮಣಿ ಬಸ್ಸು ಹತ್ತಿದೆ.

ಊರು ದಾಟುವ ತಿರುವಿನಲ್ಲಿ
ಬಯಲ ತುಂಬ ಹುಳ ಒಣಹಾಕಿರುತ್ತಾರೆ.
ಹನ್ನೊಂದು ವರ್ಷದಿಂದ ಆ ತಿರುವು ಬಂದರೆ
ಕೈ ತಾನಾಗಿ ಕಿಟಕಿಯ ಗಾಜು ಎಳೆಯುತ್ತದೆ.
ಇವತ್ತೂ ಹೋಯಿತು,
ಅರ್ಧ ಎಳೆದು ನಿಂತಿತು.

‘ಪೂರ್ತಿ ಮುಚ್ಚಿ ಸಾರ್, ಗಬ್ಬು’
ಅಂದರು ಪಕ್ಕದ ಸೀಟಿನವರು,
ಮಡಿಲಲ್ಲಿ ಹೊಸ ಸೀರೆಯ ಪೊಟ್ಟಣ.