ಅರ್ಧ ವೇಗ

ಬಾಣಾವಲಿಯಲ್ಲಿ ಸಮುದ್ರವೇ ಇರುವಾಗ
ಈಜುಕೊಳ ಯಾತಕ್ಕೆ ಎಂದು ಕೇಳಬೇಡಿ.
ಮೈಯ ಉಪ್ಪು ತೊಳೆಯಲು, ಅನ್ನುತ್ತಾರೆ ಎಸ್ಪೆರಾನ್ಸಾ ಬಾಯಿ,
ಒಂಬತ್ತು ಕೋಣೆಯ ಈ ಅತಿಥಿಗೃಹದ ಒಡತಿ.
ನನ್ನ ಜಾಗ ಕೊಳದ ಹಿಂದೆ,
ತಗಡಿನ ಬಾಗಿಲಿನಾಚೆ, ಪಂಪಿನ ಕೋಣೆ.

ಎರಡು ಅಶ್ವಶಕ್ತಿ. ಹನ್ನೊಂದು ವರ್ಷ.
ಅದು ಅರಚುತ್ತಿದ್ದ ರೀತಿಗೆ
ಎದುರಿಗೆ ನಿಂತವರ ಮಾತನ್ನೂ
ತುಟಿ ನೋಡಿ ತಿಳಿಯಬೇಕು.
ಖಾನಾಪುರದಿಂದ ಬಂದ ಹೊಸದರಲ್ಲಿ
ನನಗೆ ಕೊಂಕಣಿ ಬಾರದ್ದು
ಆ ಗದ್ದಲದಲ್ಲಿ ಮುಚ್ಚಿಹೋಯಿತು.

ಮೇ ತಿಂಗಳ ಬಿಲ್ಲು ಬಂದ ದಿನ
ಬಾಯಿಯವರು ಕನ್ನಡಕ ತೆಗೆದು, ಒರೆಸಿ, ಹಾಕಿ,
ಮತ್ತೆ ತೆಗೆದರು.
ಅಂಕಿ ಬದಲಾಗಲಿಲ್ಲ.
ಮಡಗಾಂವದ ಅಂಗಡಿಯವ ಹೇಳಿದ: ಮೂರು ಅಶ್ವಶಕ್ತಿಯದು ಹಾಕಿಸಿ,
ಎರಡೇ ತಾಸಿಗೆ ಮುಗಿಸಿಬಿಡುತ್ತದೆ.
ಮುಗಿಸುವುದಂತೆ! ಬಿಟ್ಟ ಗಳಿಗೆಗೆ
ಸಂಪಿಗೆ ಎಲೆ ಉದುರುವುದು ನಿಲ್ಲುತ್ತದೆಯೇ?

ಗುರುದಾಸ ಗಾಂವ್ಕರ್ ಸ್ಕೂಟರಿನಲ್ಲಿ ಬಂದ.
ಪಂಪು ತಂದಿರಲಿಲ್ಲ, ಒಂದು ಹಗ್ಗ ತಂದಿದ್ದ.
ಉದ್ದ ಹಿಡಿದ, ಅಗಲ ಹಿಡಿದ,
ಆಳದ ಕಡೆ, ಮೆಟ್ಟಿಲ ಕಡೆ ಕೋಲು ಇಳಿಸಿದ,
ಅರವತ್ತು ಸಾವಿರ ಲೀಟರು ಎಂದು
ಇದ್ದಿಲಲ್ಲಿ ಗೋಡೆಗೆ ಬರೆದ. ಇನ್ನೂ ಇದೆ.
ಆಮೇಲೆ ಪೈಪಿನ ಮೊಣಕೈಗಳನ್ನು ಎಣಿಸಿದ: ಏಳು.
"ಇಷ್ಟು ಸಲ ತಿರುಗಿಸಿದರೆ
ನೀರಿಗೂ ತಲೆ ಸುತ್ತು ಬರುತ್ತದೆ ಮಾರಾಯ."
ಐದು ತೆಗೆಸಿದ. ಪೈಪನ್ನು ಬೆರಳಷ್ಟು ದಪ್ಪ ಮಾಡಿಸಿದ.
ಮುಳ್ಳು ಮೇಲೇರಿದಾಗ ಮಾತ್ರ ಸೋಸುವ ಮರಳು ತೊಳೆ, ಅಂದ,
ದಿನಾ ಬೆಳಗಲು ಅದೇನು ದೇವರ ಪಾತ್ರೆಯೇ?

ಹೊಸ ಪಂಪಿಗೆ ವೇಗ ಹೇಳಬಹುದು.
ಅರ್ಧಕ್ಕಿಳಿಸು, ಅಂದ.
ಅರ್ಧ ವೇಗಕ್ಕೆ ಅರ್ಧ ನೀರು, ಒಪ್ಪಿದೆ; ಕರೆಂಟೂ ಅರ್ಧವೇ?
ಅಲ್ಲ. ಎಂಟರಲ್ಲಿ ಒಂದು.
ನಾನು ಏಳನೇ ಕ್ಲಾಸು. ನಂಬಲಿಲ್ಲ.
ಗಡಿಯಾರ ಮಂಡಿಯ ಮೇಲಿಟ್ಟು
ಮೀಟರಿನ ಕೆಂಪು ದೀಪ ಮಿಟುಕುವುದನ್ನು
ಮಧ್ಯಾಹ್ನವಿಡೀ ಕೂತು ಎಣಿಸಿದೆ.
ಹೌದು.
ಹತ್ತು ತಾಸಿನ ಕೆಲಸಕ್ಕೆ ಈಗ ಇಪ್ಪತ್ತು ತಾಸು,
ಇಪ್ಪತ್ತು ಯೂನಿಟ್ಟಿನ ಜಾಗದಲ್ಲಿ ಐದು.
"ಬಸುರಿ ಎಮ್ಮಿ ಹಂಗ ನಡೀತೀಯಲ್ಲೋ" ಎಂದು
ಹಾದಿಯುದ್ದ ಬೈಯುತ್ತಿದ್ದ ಅಪ್ಪ.
ಅವನಿಗೊಮ್ಮೆ ತೋರಿಸಬೇಕು ಈ ಮೀಟರು.

ಮೊದಲ ರಾತ್ರಿ, ಎರಡು ಗಂಟೆಗೆ,
ನೈಟಿಯ ಮೇಲೆ ಶಾಲು, ಕೈಯಲ್ಲಿ ಟಾರ್ಚು, ಬಾಯಿಯವರು:
"ನಿಂತೇ ಹೋಯಿತಾ? ಇಷ್ಟು ದುಡ್ಡು ಸುರಿದು..."
ಅವರ ಕೈ ಹಿಡಿದು ಪೈಪಿನ ಮೇಲಿಟ್ಟೆ.
ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ
ಒಳಗೆ ನೀರು ನಡೆಯುತ್ತಿತ್ತು.
ಅವರು ಕೈ ತೆಗೆಯಲಿಲ್ಲ.

ಆಗ ಕೇಳಿಸಿತು.
ಟಪ್.
ಎಷ್ಟೋ ಹೊತ್ತು ಬಿಟ್ಟು, ಟಪ್.
ಮರಳಿನ ಟ್ಯಾಂಕಿನ ಹಿಂದೆ, ಗಾಂವ್ಕರನೂ ಬಗ್ಗದ ಮೂಲೆಯಲ್ಲಿ
ಉಳಿದೆರಡು ಮೊಣಕೈಯಲ್ಲೊಂದು ಸೋರುತ್ತಿತ್ತು.
ಹಳೆಯ ಪಂಪಿನ ರಭಸಕ್ಕೆ ಅದು ಕಾರಂಜಿಯೇ ಆಗಿದ್ದೀತು,
ಆ ಅರಚಾಟದಲ್ಲಿ ಯಾರಿಗೆ ಕೇಳಬೇಕು?
ಅದನ್ನೇ ನಂಬಿ ಒಂದು ಕೆಸು
ಮಂಡಿಯೆತ್ತರ ಬೆಳೆದು, ಬದಿಯಲ್ಲಿ ಮರಿ ಹಾಕಿತ್ತು.

ಬಾಯಿಯವರು ಟಾರ್ಚು ಆರಿಸಿ
ಕತ್ತಲಲ್ಲೇ ಬೆರಳು ಮಡಚುತ್ತಿದ್ದರು:
ಬೇಸಿಗೆ ಬೇಸಿಗೆಗೂ ಟ್ಯಾಂಕರಿಗೆ ತೆತ್ತದ್ದು;
ರಾತ್ರಿ ನಮ್ಮ ನೀರು ಎಳೆಯುತ್ತಾನೆಂದು
ಪಕ್ಕದ ಮನೆಯ ಕಾಯ್ತಾನನ ಜೊತೆ
ಮಾತು ಬಿಟ್ಟು ಆರು ವರ್ಷ;
ಅವನ ತಾಯಿಯ ಮಣ್ಣಿಗೂ ಹೋಗದೆ ಉಳಿದದ್ದು.

ಆ ಭಾನುವಾರ ದೋದೊಲ್ ಮಾಡಿದರು.
ತಟ್ಟೆ ಹಿಡಿದು ಅವನ ಗೇಟಿನ ತನಕ ಹೋಗಿ ತಿರುಗಿ ಬಂದರು.
ಸಂಜೆಗೆ ಮತ್ತೊಮ್ಮೆ ಹೋದರು.
ಆಮೇಲಿನದು ನನಗೆ ಗೊತ್ತಿಲ್ಲ; ಕೊಳಕ್ಕೆ ಬಿದ್ದ ಎಲೆ
ಬುಟ್ಟಿಯಿಂದ ತೆಗೆಯುತ್ತಿದ್ದೆ, ಜೊತೆಗೊಂದು ಕಪ್ಪೆ,
ಯಾರದೋ ಒಂಟಿ ಓಲೆ.

ಸೋರುವ ಕೀಲು ಬಿಗಿದಾಗಿದೆ.
ಕೆಸುವಿಗೆ ಈಗ ದಿನಾ ಒಂದು ಚೊಂಬು
ನಾನೇ ಹಾಕಬೇಕು.