ಚಿಲ್ಲರೆ

ವಾಲ್ಪರೈಸೊದ ಗುಡ್ಡಕ್ಕೆ ಎರಡು ಮರದ ಡಬ್ಬಿ, ಒಂದೇ ಹಗ್ಗ.
ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು.
ಅಸೆನ್ಸೋರ್ ಅನ್ನುತ್ತೇವೆ, ಏರಿಸುವುದು ಎಂದು,
ಅರ್ಧ ದಿನ ಇಳಿಸುವುದೇ ಕೆಲಸವಾದರೂ.
ಮೂವತ್ತೆಂಟು ವರ್ಷ ಅದರ ಬಾಗಿಲಲ್ಲಿ ಕೂತು
ಕಾಸು ಎಣಿಸಿದವನು ನಾನು, ಎವಾರಿಸ್ಟೊ.
ಪತ್ರಿಕೆಯಲ್ಲಿ ಒಮ್ಮೆ ಹೆಸರು ಬಂದಿತ್ತು,
ಒಂದಕ್ಷರ ತಪ್ಪಾಗಿ.

ಡೊರಾಲಿಸಾ ಉರ್ಸುವಾ ಸತ್ತ ರಾತ್ರಿ ಮಂಜು.
ಬಂದರಿನ ಹಡಗುಗಳು ಒಂದನ್ನೊಂದು ಕೂಗಿ ಕೇಳುತ್ತಿದ್ದವು
ಎಲ್ಲಿದ್ದೀಯ, ಎಲ್ಲಿದ್ದೀಯ.
ಆಕೆಯ ದನಿ ಕೇಳದ ಅಡುಗೆಮನೆ ಈ ದೇಶದಲ್ಲಿರಲಿಲ್ಲ;
ಸಂಜೆ ಆರಕ್ಕೆ ರೇಡಿಯೊದಲ್ಲಿ ಆಕೆ ಅತ್ತರೆ
ನಮ್ಮ ಹೆಂಗಸರು ಈರುಳ್ಳಿಯ ಮೇಲೆ ನೆಪ ಹಾಕಿ ಅಳುತ್ತಿದ್ದರು.
ಬೆಳಗ್ಗೆ ಕಮರಿಯಲ್ಲಿ ಸಿಕ್ಕಳು,
ಒಂದೇ ಕಾಲಲ್ಲಿ ಚಪ್ಪಲಿ.
ಮೇಲೆ ಬಾಲ್ಕನಿಯ ಕಟಕಟೆ ಮುರಿದಿತ್ತು.
ಕೋರ್ಟಿನ ಕಟಕಟೆ ಗಟ್ಟಿಯಾಗಿತ್ತು; ನಾನು ಎರಡೂ ಕೈ ಊರಿ ನಿಂತೆ.

ಕೇಳಿದರು. ಹೇಳಿದೆ.
ಗಂಡ ಅನ್ಸೆಲ್ಮೊ ಇಳಿದದ್ದು ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ.
ಟೋಪಿ ಒದ್ದೆ. ನೋಟು ಕೊಟ್ಟ,
ಚಿಲ್ಲರೆ ತೆಗೆದುಕೊಳ್ಳದೆ ಹೋದ.
ಪಕ್ಕದ ಮನೆಯ ಸೆಫೆರಿನಾ ಹೇಳಿದಳು,
ಚೀರಿದ್ದು ಕೇಳಿಸಿದಾಗ ಹನ್ನೊಂದರ ಗಂಟೆ ಬಡಿಯುತ್ತಿತ್ತಂತೆ.
ಅವಳ ಮಾತು ನನ್ನ ಮಾತು ಕೂಡಿದವು,
ಚೌಕಟ್ಟಿಗೆ ಬಾಗಿಲು ಕೂಡುವ ಹಾಗೆ.

ಮರುದಿನದ ತಲೆಬರಹ:
ಚಿಲ್ಲರೆ ಬೇಡವೆಂದ ಗಂಡ.

ಕೋರ್ಟು ಬಿಟ್ಟಿತು. ಊರು ಬಿಡಲಿಲ್ಲ.
ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು,
ವರ್ಷಕ್ಕೆ ನೂರು ದಿನ ಮಂಜು ಕಾಣುವ ಜನ.
ಪಿಯಾನೊ ಪಾಠಕ್ಕೆ ಮಕ್ಕಳು ಬರುವುದು ನಿಂತಿತು.
ಮೀನಿನವಳು ಅವನ ಬೆರಳು ತಾಗದಂತೆ
ಪೊಟ್ಟಣವನ್ನು ಹಲಗೆಯ ಮೇಲಿಟ್ಟು ದೂಡುತ್ತಿದ್ದಳು.

ಈಗ ಹೇಳುತ್ತೇನೆ:
ನನ್ನ ಗಡಿಯಾರ ಏಳು ನಿಮಿಷ ಮುಂದಿತ್ತು.
ನಾನೇ ಇಟ್ಟದ್ದು, ಬೇಗ ಬೀಗ ಹಾಕಿ ಕೊನೆಯ ಬಸ್ಸು ಹಿಡಿಯಲಿಕ್ಕೆ.
ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು.
ಮನೆಯಲ್ಲಿ ಎಳೆಗೂಸು.
ಗಡಿಯಾರ ಸರಿಯಿದೆಯೇ ಎಂದು ಯಾರೂ ಕೇಳಲಿಲ್ಲ,
ಬಾಯಿಗೆ ಬಂದದ್ದು ಹಲ್ಲಿನ ಹಿಂದೆಯೇ ನಿಂತಿತು.

ಏಳು ಕಳೆದರೆ ಅವನು ಇಳಿದದ್ದು ಚೀರುವ ಮೊದಲು.
ಕಳೆದೆ. ಎಷ್ಟು ರಾತ್ರಿ ಕೂತು ಕಳೆದೆ.
ಆದರೆ ಸೆಫೆರಿನಾ ಕೇಳಿದ ಗಂಟೆ
ಇಗರ್ಜಿಯದೋ, ಯಾವುದೋ ಹಡಗಿನದೋ?
ಒದ್ದೆ ಟೋಪಿ ನಾನು ಕಂಡದ್ದೋ,
ಪತ್ರಿಕೆಯ ಚಿತ್ರಗಾರ ಬರೆದದ್ದೋ?
ಕಟಕಟೆ ಮೂರು ತಿಂಗಳಿಂದ ಅಲ್ಲಾಡುತ್ತಿತ್ತು ಎಂದ ಬಡಗಿ,
ಅವನಿಗೆ ಆ ಮನೆಯಿಂದ ದುಡ್ಡು ಬಾಕಿಯಿತ್ತು.
ಮೇಜಿನ ಮೇಲೆ ಎರಡು ಲೋಟ ಎಂದಳು ಅಡುಗೆಯವಳು.
ಮೂರು ಎಂದಳು ಆಮೇಲೆ,
ನೌಕಾಪಡೆಯವರು ಮಾತಾಡಿಸಿ ಹೋದ ಮೇಲೆ ಮತ್ತೆ ಎರಡು.
ಆಕೆಯೇ ಹಾರಿದಳೇ? ಶುಕ್ರವಾರದ ಕಂತು ಬಾಕಿಯಿತ್ತಲ್ಲ,
ಆಕೆ ಕಂತು ತಪ್ಪಿಸಿದವಳಲ್ಲ.

ಒಂಬತ್ತು ವರ್ಷದ ಮೇಲೆ ಒಂದು ಬೆಳಗ್ಗೆ
ಡಬ್ಬಿಯಲ್ಲಿ ಅವನೊಬ್ಬನೇ. ಜೇಬಿನ ಗಡಿಯಾರ ತೆಗೆದು ನೋಡಿದ,
ನನ್ನ ಗೋಡೆಯದನ್ನು ನೋಡಿದ.
“ಏಳು ನಿಮಿಷ ಮುಂದಿದೆ. ಯಾವಾಗಿನಿಂದ?”
“ಮೊನ್ನೆಯಿಂದ,” ಎಂದೆ.
ತಲೆಯಾಡಿಸಿದ.
ಇಳಿಯುವಾಗ ಕಾಸನ್ನು ನನ್ನ ಅಂಗೈಯಲ್ಲಿ
ಒಂದೊಂದಾಗಿ ಎಣಿಸಿ ಇಟ್ಟ. ಒಂದೂ ಹೆಚ್ಚಿರಲಿಲ್ಲ.

ಮಾಡದವನಾಗಿದ್ದರೆ ನನ್ನ ಕೊರಳಪಟ್ಟಿ ಹಿಡಿಯಬೇಡವೇ?
ಮಾಡಿದವನಿಗೆ ಆ ಪ್ರಶ್ನೆ ಯಾಕೆ?
ಸುಮ್ಮನೆ ಹೊತ್ತು ಕೇಳಿದನೋ ಏನೋ,
ಜನ ಕೇಳುವುದಿಲ್ಲವೇ ಹಾಗೆ.

ಹೋದ ಜೂನಿನಲ್ಲಿ ತೀರಿಕೊಂಡ.
ಹೊರಲು ಮೂವರೇ ಇದ್ದರು, ನಾನು ಹೆಗಲು ಕೊಟ್ಟೆ.
ಪೆಟ್ಟಿಗೆ ಅಸೆನ್ಸೋರಿನಲ್ಲೇ ಇಳಿಯಿತು,
ಅತ್ತ ಖಾಲಿ ಡಬ್ಬಿ ನಮ್ಮನ್ನು ದಾಟಿ ಮೇಲೇರಿತು.
ಈಗಿನ ಹುಡುಗ ಪೆಟ್ಟಿಗೆಗೂ ಕಾಸು ಕೇಳಬೇಕೋ ಬೇಡವೋ ಎಂದು
ನನ್ನ ಮುಖ ನೋಡಿದ.
ಆ ರಾತ್ರಿಯ ಚಿಲ್ಲರೆ ಕೋಟಿನ ಜೇಬಿನಲ್ಲೇ ಇತ್ತು,
ಆ ನಾಣ್ಯ ನಡೆಯುವುದು ನಿಂತು ಕಾಲವಾಗಿದೆ.
ಬೇರೆ ಕಾಸು ಕೊಟ್ಟೆ.
ಹುಡುಗ ಎಣಿಸಿಕೊಂಡ.